ಬಾವಂಚಿ ಹಾಕಿದ್ದ ಮಿಕ್ಸಿ

ಗಂಗಕ್ಕ, ಆರು ವರ್ಷದ ಹಿಂದೆ ನಿಮ್ಮ ಮುಖ ಸುಟ್ಟದ್ದು ನಿಮ್ಮ ತಪ್ಪಿನಿಂದಲ್ಲ. ನನ್ನಿಂದ. ಅದು ನನಗೆ ಆಗಲೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಳಿತೆ.

ಕೆನ್ನೆಯ ಮೇಲೆ ಬಂಗು ಬಂದಿದೆ ಎಂದು ನೀವು ಮುಶಿಗೇರಿಯಿಂದ ಗಜೇಂದ್ರಗಡಕ್ಕೆ, ನನ್ನ ಗಿಡಮೂಲಿಕೆ ಅಂಗಡಿಗೆ ಬಂದಿದ್ದಿರಿ. ನಾನೋ, ಕೇಳುವ ಕಿವಿ ಸಿಕ್ಕರೆ ಸಾಕು, ಪಾಠ ಶುರು ಮಾಡುವವನು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವುದು ಮೆಲನಿನ್, ಜೇಷ್ಠಮಧುವಿನ ಬೇರಿನ ಸತ್ವ ಅದು ಹೆಚ್ಚು ತಯಾರಾಗದಂತೆ ತಡೆಯುತ್ತದೆ, ನಿಧಾನಕ್ಕೆ ಬಂಗು ತಿಳಿಯಾಗುತ್ತದೆ ಎಂದೆಲ್ಲ ಹೇಳಿದೆ. ನೀವು ಪಾಪ, ಪ್ರತಿ ಮಾತಿಗೂ ತಲೆಯಾಡಿಸಿದಿರಿ.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾಡಿದ್ದರಲ್ಲಿ — ಅಂದು ಬೆಳಿಗ್ಗೆ ತೊನ್ನು ಇದ್ದವರೊಬ್ಬರಿಗಾಗಿ ಬಾವಂಚಿ ಬೀಜ ಪುಡಿ ಮಾಡಿದ್ದೆ. ಬಾವಂಚಿಯದು ಉಲ್ಟಾ ಕೆಲಸ. ಬಿಳಿ ಕಲೆಯಲ್ಲಿ ಬಣ್ಣ ತರಿಸಲು ಅದನ್ನು ಹಚ್ಚಿ, ಅಳೆದು ಬಿಸಿಲು ತೋರಿಸುತ್ತಾರೆ. ಅಳತೆ ತಪ್ಪಿದರೆ ಚರ್ಮ ಸುಡುತ್ತದೆ. ಒಂದು ಮೂಲಿಕೆ ಆದ ಮೇಲೆ ಮಿಕ್ಸಿಯ ಜಾರು ತೊಳೆದು ಒಣಗಿಸಿಯೇ ಇನ್ನೊಂದು ಹಾಕಬೇಕು ಎನ್ನುವುದು ನಾನೇ ಮಾಡಿಕೊಂಡ ನಿಯಮ. ನಿಮಗೆ ಬಸ್ಸಿನ ಅವಸರವಿತ್ತು ಎಂದು ಇಲ್ಲಿ ಬರೆದು, ಹೊಡೆದುಹಾಕಿದೆ. ನಿಮಗೆ ಅವಸರವಿರಲಿಲ್ಲ, ನನಗೆ ಸೋಮಾರಿತನವಿತ್ತು. ತಳದಲ್ಲಿ ಅಂಟಿದ್ದ ಪುಡಿ ಕಣ್ಣಿಗೆ ಬಿತ್ತು. ಎರಡು ಸಲ ತಟ್ಟಿ, ಅದರಲ್ಲೇ ನಿಮ್ಮ ಜೇಷ್ಠಮಧು ಹಾಕಿದೆ.

ಹತ್ತು ದಿನಕ್ಕೆ ಮತ್ತೆ ಬಂದಿರಿ. ಲೇಪ ಹಚ್ಚಿ, ತೊಳೆದು, ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದಿರಂತೆ. ಮರುದಿನವೇ ಗುಳ್ಳೆ ಎದ್ದಿದ್ದವು. ಈಗ ಬಂಗಿಗಿಂತ ಕಪ್ಪಾದ ಕಲೆಗಳು.

"ಹಿಂಗ್ಯಾಕ ಆತ್ರಿ, ಅಣ್ಣಾರ?"

ನೋಡಿದ ಕೂಡಲೇ ನನಗೆ ತಿಳಿಯಿತು. ಆದರೂ ಬಾಯಿಂದ ಬಂದದ್ದು — "ಬಿಸಿಲಾಗ ಅಡ್ಡಾಡಬ್ಯಾಡ್ರಿ ಅಂತ ಹೇಳಿದ್ದಿಲ್ಲೇನ್ರಿ?"

ಹೇಳಿರಲಿಲ್ಲ ಗಂಗಕ್ಕ. ಹೇಳಿದ್ದೆನೆಂದೇ ನಂಬಿ ನೀವು ತಲೆ ತಗ್ಗಿಸಿದಿರಿ. ಚರ್ಮದ ಡಾಕ್ಟರ ಹತ್ತಿರವಾದರೂ ಕಳಿಸಬಹುದಿತ್ತು. ಏನು ಹಚ್ಚಿದ್ದಿರಿ ಎಂದು ಅವರು ಕೇಳಿಬಿಟ್ಟರೆ — ಆ ಅಂಜಿಕೆಗೆ ಲೋಳೆಸರ ಕೊಟ್ಟು ಕಳಿಸಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಗುವುದು ಮಿಕ್ಸಿಗಿಂತ ಈ ಮಾತಿಗೆ.

ಮೊನ್ನೆ ಸೊಸೆಯನ್ನು ಕರೆತಂದಿರಿ. ಅವಳ ಹಣೆಗೂ ಬಂಗು. ನನ್ನೆದುರಿಗೇ ಅವಳಿಗೆ ಹೇಳಿದಿರಿ, "ಅಣ್ಣಾರು ಹೇಳಿದಂಗ ಕೇಳವಾ. ನಾ ಕೇಳಲಿಲ್ಲ, ಮಾರಿ ಕೆಡಿಸ್ಕೊಂಡೆ." ಅವಳು ನಿಮ್ಮನ್ನು ನೋಡಿದ್ದು ಬುದ್ಧಿಯಿಲ್ಲದವರನ್ನು ನೋಡುವ ಹಾಗೆ. ಆ ನೋಟ ನನಗೆ ಸೇರಬೇಕಾದದ್ದು.

ಮೂಲಿಕೆ ತೀರಿದೆ ಎಂದು ಇನ್ನೊಂದು ಸುಳ್ಳು ಹೇಳಿ ಇಬ್ಬರನ್ನೂ ಕಳಿಸಿದೆ. ನಾಳೆ ಮುಶಿಗೇರಿಗೆ ಬರುತ್ತೇನೆ. ಎದುರಿಗೆ ನಿಂತರೆ ಮಾತು ಹೊರಳಿಸುವವನು ನಾನು. ಅದಕ್ಕೇ ಬರೆದು ತರುತ್ತಿದ್ದೇನೆ, ಇದ್ದಂತೆಯೇ ಓದುತ್ತೇನೆ. ಸೊಸೆಯನ್ನೂ ಕೂರಿಸಿಕೊಳ್ಳಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಹೇಳಿದ ಮಾತು ಕೇಳದವರು ನೀವಲ್ಲ ಎಂದು ಅವಳು ನನ್ನ ಬಾಯಿಂದಲೇ ಕೇಳಲಿ.