ನಕ್ಷೆಯೊಳಗಿನ ಬದು

ನಮ್ಮ ಮನೆಯಲ್ಲಿ ಯಾರೂ ‘ಇಲ್ಲ’ ಎನ್ನುವುದಿಲ್ಲ, ‘ನೋಡಾನ’ ಎನ್ನುತ್ತೇವೆ. ಹಬ್ಬಕ್ಕೆ ಹೊಸ ಲಂಗ ಕೇಳಿದಾಗ ಅಪ್ಪ ‘ನೋಡಾನ’ ಎಂದರೆ ಆ ಮಾತು ಅಲ್ಲಿಗೆ ಮುಗಿಯಿತು. ಇದನ್ನು ಚೆನ್ನಾಗಿ ಬಲ್ಲ ನಮ್ಮಕ್ಕನಿಗೇ ಹೋದ ಬೇಸಿಗೆಯಲ್ಲಿ ನಾನು ಆ ಮಾತು ಹೇಳಿದೆ.

ನಾನು ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಭೂಗೋಳದ ಟೀಚರು. ಹಿಮನದಿ, ಸರೋವರ, ಕಣಿವೆ ಎಂದು ಇಪ್ಪತ್ತೈದು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಕಣ್ಣಾರೆ ಕಂಡದ್ದು ಮಾತ್ರ ಕೋಟೆ ಗುಡ್ಡ ಮತ್ತು ಕೆಂಪು ಧೂಳು. ಐವತ್ತು ತುಂಬಿದ ಮೇಲೆ ಹಠ ಹುಟ್ಟಿತು. ಬೆನ್ನಿಗೆ ಚೀಲ ಹೊತ್ತು ಹಿಮಾಚಲದ ಎತ್ತರದ ಸರೋವರಗಳಿಗೆ ನಡೆದೇ ಹೋಗಬೇಕು. ಅದರಲ್ಲೂ ಎರಡು ಸರೋವರಗಳ ನಡುವೆ ಒಂದು ದಿನದ ಹಾದಿಗೆ ಕಾಲುದಾರಿಯೇ ಇಲ್ಲ, ನಕ್ಷೆ ನೋಡಿಕೊಂಡು ಬಂಡೆ ದಾಟಬೇಕು. ಅಲ್ಲಿನ ಗೈಡ್ ಫೋನಿನಲ್ಲಿ ಒಂದೇ ಷರತ್ತು ಹಾಕಿದ್ದ: ತನಗೇನಾದರೂ ಆದರೆ ನಕ್ಷೆ ಓದಬಲ್ಲವರು ಇನ್ನೊಬ್ಬರು ಇರಲೇಬೇಕು. ಆ ಇನ್ನೊಬ್ಬರು ನಾನಲ್ಲದೆ ಮತ್ಯಾರು ಎಂದು ಬೀಗಿದೆ.

ಅಕ್ಕ ಸಿರುಗುಪ್ಪದಲ್ಲಿದ್ದಾಳೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆಮೇಲೆಲ್ಲ ಭತ್ತದ ಗದ್ದೆಯೇ ಅವಳ ಶಾಲೆ. ನನ್ನ ಯೋಜನೆ ಕೇಳಿ ಅವಳು ಕೇಳಿದ ಮೊದಲ ಪ್ರಶ್ನೆ, “ಅಷ್ಟು ಮ್ಯಾಲ ಕೆರಿ ಐತಿ ಅಂತೀ, ಅದಕ್ಕ ಏರಿ ಯಾರು ಕಟ್ಟಿದ್ರು?” ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಿಮನದಿ ತಂದು ಸುರಿದ ಕಲ್ಲುಮಣ್ಣೇ ಅಲ್ಲಿ ಏರಿ ಎಂದು ಹೇಳಿದಾಗ ಅವಳ ಕಣ್ಣು ಅಗಲವಾದವು. “ನಾನೂ ಬರ್ತೀನಿ” ಎಂದಳು.

“ನೋಡಾನ” ಎಂದೆ.

ಅವಳ ಮುಖ ಸಣ್ಣದಾಯಿತು. ಏನೂ ಕೇಳಿಸದವಳಂತೆ ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಳು. ಇವಳನ್ನು ಕಟ್ಟಿಕೊಂಡು ಹೋದರೆ ನನ್ನ ಕಥೆ ಮುಗಿಯಿತು ಎಂಬುದು ನನ್ನ ಅಂಜಿಕೆ. ಅದನ್ನು ನೆಟ್ಟಗೆ ಹೇಳುವ ಧೈರ್ಯವೂ ನನಗಿರಲಿಲ್ಲ.

ಆದರೂ ಪ್ರತಿ ಭಾನುವಾರ ಕುರುಗೋಡಿನ ಗುಡ್ಡ ಹತ್ತಿ ಅಭ್ಯಾಸ ಮಾಡಲು ನಾನು ಬಳ್ಳಾರಿಯಿಂದ ಬಸ್ಸು ಹಿಡಿದರೆ, ಅವಳು ಸಿರುಗುಪ್ಪದಿಂದ ಬಂದಿಳಿಯುತ್ತಿದ್ದಳು. ಬೆನ್ನ ಮೇಲಿನ ಚೀಲದಲ್ಲಿ ಭಾರಕ್ಕೆಂದು ಹತ್ತು ಕಿಲೋ ಸೋನಾ ಅಕ್ಕಿ. ಹಿಮಾಚಲದ ಅಷ್ಟೆತ್ತರದಲ್ಲಿ ಕುಕ್ಕರಿಲ್ಲದೆ ಅನ್ನ ಸರಿಯಾಗಿ ಬೇಯುವುದಿಲ್ಲ ಎಂದೆ. “ಹಂಗಾದ್ರ ಮಂಡಕ್ಕಿ ಒಯ್ಯಾನ ಬಿಡು. ನೀರಾಗ ನೆನಸಿ ಹಿಂಡಿದ್ರ ವಗ್ಗರಣಿ ತಯಾರು. ಭಾರನೂ ಇಲ್ಲ.” ತಾನೂ ಹೊರಟವಳಂತೆ ‘ಒಯ್ಯಾನ’ ಎಂದಿದ್ದಳು, ‘ಒಯ್ಯಿ’ ಎಂದಿರಲಿಲ್ಲ. ನನಗೆ ಕೆಟ್ಟದೆನಿಸಿತು.

ಕೊನೆಯ ಭಾನುವಾರ ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ಗುಡ್ಡದ ನಕ್ಷೆಯ ಪ್ರಿಂಟು ಹಿಡಿದು, ಜನ ಓಡಾಡುವ ದಾರಿ ಬಿಟ್ಟು ಹಿಂಬದಿಯಿಂದ ಇಳಿಯಬೇಕು. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಆ ಗೆರೆಗಳನ್ನು ಎಷ್ಟು ಮಕ್ಕಳಿಗೆ ಕಲಿಸಿಲ್ಲ ನಾನು! “ಈ ಕಡಿ ಹಳ್ಳ ಐತಿ, ಸಲೀಸಾಗಿ ಇಳೀಬಹುದು” ಎಂದು ಮುಂದೆ ನಡೆದೆ. ಅರ್ಧ ತಾಸು ಇಳಿದ ಮೇಲೆ ಕಾಲ ಕೆಳಗೆ ಬಂಡೆ ಮುಗಿದಿತ್ತು. ಮುಂದೆ ನಾಲ್ಕಾಳು ಆಳದ ಪ್ರಪಾತ. ಬಿಸಿಲಿಗೆ ಕಲ್ಲು ಕಾದಿತ್ತು, ಬಾಟಲಿಯಲ್ಲಿ ಎರಡು ಗುಟುಕು ನೀರು. ಬಂಡೆ ಹಿಡಿದು ಅಲ್ಲೇ ಕುಳಿತುಬಿಟ್ಟೆ.

“ತಾ ಇಲ್ಲಿ” ಎಂದು ಅಕ್ಕ ನಕ್ಷೆ ಇಸಿದುಕೊಂಡಳು. ಅಲ್ಲಿಯವರೆಗೆ ಅದನ್ನು ಅವಳ ಕೈಗೆ ಕೊಟ್ಟೇ ಇರಲಿಲ್ಲ ನಾನು.

“ಇವು ಬದು ಅಲ್ಲೇನು?” ಎಂದು ಗೆರೆಗಳ ಮೇಲೆ ಬೆರಳಾಡಿಸಿದಳು.

“ಬದು ಅಲ್ಲಕ್ಕಾ, ಅವು...”

“ಸುಮ್ನಿರು. ಒತ್ತೊತ್ತಾಗಿ ಅದಾವು ಅಂದ್ರ ಇಳಿಜಾರು ಜಾಸ್ತಿ. ನೀನು ಬಂದ ಕಡಿ ಹೊರಗ ಉಬ್ಯಾವು, ಅಲ್ಲಿ ನೀರು ನಿಲ್ಲಂಗಿಲ್ಲ, ಅದು ದಿಬ್ಬ. ಇಲ್ಲಿ ನೋಡು, ಗುಡ್ಡದ ಕಡಿ ಒಳಗ ಬಾಗ್ಯಾವು. ನೀರೆಲ್ಲ ಇಲ್ಲೇ ಕೂಡಿ ಹರೀತೈತಿ. ಹಳ್ಳ ಇದು, ಹುಚ್ಚಿ.”

ದಿಬ್ಬವನ್ನು ಹಳ್ಳವೆಂದು ಓದಿದ್ದೆ. ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಅಕ್ಕ ನನ್ನ ಚೀಲವನ್ನೂ ಎದೆಗೆ ಹಾಕಿಕೊಂಡು, ಕೈ ಹಿಡಿದು ಮೇಲೆ ಹತ್ತಿಸಿ, ಆ ಒಣ ಹಳ್ಳದಲ್ಲಿ ನನ್ನನ್ನು ಕೆಳಗಿಳಿಸಿದಳು. ಸೆರಗಿನಲ್ಲಿ ಬೆವರು ಒರೆಸಿಕೊಂಡಳೇ ಹೊರತು ಒಂದು ಹಂಗಿಸುವ ಮಾತಿಲ್ಲ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ವಗ್ಗರಣಿ, ಮಿರ್ಚಿ ತರಿಸಿದೆವು. ನಕ್ಷೆ ಓದಬಲ್ಲವರು ಇನ್ನೊಬ್ಬರು ಇರಲೇಬೇಕು ಎಂಬ ಗೈಡಿನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನಾಚಿಕೆ ಬಿಟ್ಟು ಕೇಳಿದೆ:

“ಅಕ್ಕಾ, ಆ ಕೆರಿಗಳಿಗೆ ನೀ ಹೋಗು. ಜೊತಿಗೆ ನನ್ನೂ ಕರ್ಕಂಡು ಹೋಗ್ತೀ ಏನು?”

ಅಕ್ಕ ಅವಸರ ಮಾಡಲಿಲ್ಲ. ಮಿರ್ಚಿ ಮುರಿದು, ಉಫ್ ಉಫ್ ಎಂದು ಆರಿಸಿ, ಬಾಯಿಗಿಟ್ಟುಕೊಂಡು ನುಂಗಿದಳು. ಆಮೇಲೆ ಥೇಟ್ ಅಪ್ಪನ ದನಿಯಲ್ಲಿ ಹೇಳಿದಳು:

“ನೋಡಾನ.”