ಉಣ್ಣದೆ ಹೋದ ಮೌಖಿಕ ಪರೀಕ್ಷೆ

೧೯೬೭ರಲ್ಲಿ ತೆಲುಗು ಸೀಮೆಯ ಕಲ್ಯಾಣದುರ್ಗದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಭ್ರಮರಾಂಬ ಟೀಚರಿಗೆ ಇದ್ದ ಹೆದರಿಕೆ ಒಂದೇ, ಎಂ.ಎ. ಮೌಖಿಕ ಪರೀಕ್ಷೆ. ಬರವಣಿಗೆಯಲ್ಲಿ ಎಷ್ಟೇ ಅಂಕ ಬರಲಿ, ಪರೀಕ್ಷಕರ ಎದುರು ಕೂತು ಬಾಯಲ್ಲಿ ಉತ್ತರ ಹೇಳಿ ಪಾಸಾಗದಿದ್ದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೋದ ವರ್ಷ ಮಾತಿನ ನಡುವೆ ತೆಲುಗು ಉದುರಿತು, ಪರೀಕ್ಷಕರೊಬ್ಬರು ನಕ್ಕರು. ಅಲ್ಲಿಗೆ ಬಾಯಿಗೆ ಬೀಗ ಬಿತ್ತು, ಫೇಲು. ನಗುವವರಿಗೇನು, ಎರಡು ಭಾಷೆಯಲ್ಲಿ ಸಂಸಾರ ಮಾಡಿದವರಿಗಲ್ಲವೆ ಕಷ್ಟ ಗೊತ್ತು! ಈ ಸಲವೂ ಹೋದರೆ ಹಿಂದೂಪುರದ ಕಾಲೇಜಿನಲ್ಲಿ ಕಾದಿದ್ದ ಕನ್ನಡದ ಕೆಲಸ ಬೇರೆಯವರ ಪಾಲು.

ವರ್ಷವಿಡೀ ಅವಳು ಹಳಗನ್ನಡದ ಪದ್ಯಗಳನ್ನು ಅತ್ತೆ ಗುರುಶಾಂತಮ್ಮನಿಗೆ ಓದಿ ಅರ್ಥ ಹೇಳಿದ್ದಳು. ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯ ಪದ್ಯ ಬಂದಾಗ ಅತ್ತೆಗೆ ಸಿಟ್ಟು ಬಂದಿತ್ತು.

"ಉಂಡ್ಕಂಡು ಹೋಗಪ್ಪ ಅನ್ಲಿಲ್ವೇನೆ ಅವ್ಳು? ಎಂಥಾ ತಾಯಮ್ಮ!"

ಸೊಸೆ ನಕ್ಕು ಮುಂದಿನ ಪದ್ಯಕ್ಕೆ ಪುಟ ತಿರುಗಿಸಿದ್ದಳು.

ಪರೀಕ್ಷೆಗೆ ಹೊರಡುವ ದಿನ ಭ್ರಮರಾಂಬ ಎರಡು ಸಲ ಹೊಸ್ತಿಲವರೆಗೆ ಹೋಗಿ ವಾಪಸು ಬಂದು ಕೂತಳು. ಬಾಗಿಲಿಗೆ ಬಂದವರನ್ನೆಲ್ಲ ಉಣ್ಣಿಸಿಯೇ ಕಳಿಸುವ ಅತ್ತೆ, ಅವತ್ತು ಬುತ್ತಿಗಂಟನ್ನು ಕೈಗೆ ತುರುಕಿ, "ನಡಿಯಮ್ಮ, ಹಿಂದೂಪುರದ ಬಸ್ಸು ಬಂದ್ಬುಡ್ತದೆ" ಎಂದು ಹೊರಗೆ ಕಳಿಸಿಯೇಬಿಟ್ಟಳು. ಸೊಸೆಗೆ ಅಳು ಬಂತು. ಹಿಂದೂಪುರದಲ್ಲಿ ಪರೀಕ್ಷೆಯ ಊರಿನ ರೈಲು ಹತ್ತಿದ ಮೇಲೂ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ಪರೀಕ್ಷಕರ ಕೋಣೆಯಲ್ಲಿ ಅದೇ ಪದ್ಯ ಎದುರಾಯಿತು. ಓದಿದಳು.

"ಈ ತಾಯಿಯ ವಿಶೇಷವೇನು?" ಕೇಳಿದವರು ಹೋದ ವರ್ಷ ನಕ್ಕವರೇ.

ಅವಳು ಕಣ್ಣಲ್ಲೇ ಪದ್ಯವನ್ನು ಮತ್ತೆ ಓದಿದಳು. ಇನ್ನೊಬ್ಬರು ಗಡಿಯಾರ ನೋಡಿಕೊಂಡರು. ಮುಗಿಯಿತು ಕಥೆ ಅಂದುಕೊಳ್ಳುವಾಗ ಬುತ್ತಿ ತುರುಕಿದ ಅತ್ತೆಯ ಮುಖ ಕಣ್ಣಿಗೆ ಕಟ್ಟಿತು. ಆ ಮುಖದಲ್ಲೂ ಹೆದರಿಕೆಯೇ ಇತ್ತಲ್ಲ!

"ಉಂಡು ಹೋಗು ಅನ್ನಲ್ಲ ಸಾರ್ ಈ ತಾಯಿ," ಎಂದಳು. "ಉಣ್ಣಕ್ಕೆ ಕೂತ್ರೆ ಅವನು ಏಳಲ್ಲ ಅಂತ ಭಯ. ಎದ್ದರೂ ಇವಳಿಗೆ ಬಿಡಕ್ಕಾಗಲ್ಲ. ಪಾಪಂ, ಹಸಿದುಕೊಂಡೇ ಹೋಗಲಿ ಅಂತ ಕಳಿಸ್ತಾಳೆ."

ಆ 'ಪಾಪಂ' ತೆಲುಗೆಂದು ಅವಳಿಗೆ ಆಮೇಲೆ ಹೊಳೆಯಿತು. ಈ ಸಲ ಯಾರೂ ನಗಲಿಲ್ಲ.

ಪಾಸಾದ ಸುದ್ದಿ ತಿಂಗಳಾದ ಮೇಲೆ ಬಂತು. ಅಷ್ಟು ದಿನ ಕಾಯಲಾರದ ಪ್ರಶ್ನೆಯೊಂದಿತ್ತು. ಅದನ್ನು ಪರೀಕ್ಷೆ ಮುಗಿಸಿ ಊರಿಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಕೇಳಿದಳು.

"ಅತ್ತೆಮ್ಮ, ಅವತ್ತು ಉಣ್ಣು ಅನ್ಲಿಲ್ಲ ಯಾಕೆ?"

"ಕೂತಿದ್ರೆ ಎದ್ದು ಹೋಗ್ತಿದ್ಯಾ ನೀನು?" ಗುರುಶಾಂತಮ್ಮ ಎರಡು ತಟ್ಟೆಗೆ ಮುದ್ದೆ ಇಟ್ಟಳು. "ಆ ತಾಯಮ್ಮನ್ನ ಸುಮ್ಕೆ ಬೈದ್ಬುಟ್ಟೆ ಕಣಮ್ಮ. ನೀನು ಹೋದಾಗಿಂದ ನನಗೂ ತುತ್ತು ಇಳಿದಿಲ್ಲ. ಬಾ, ಉಣ್ಣಾನ."