ಗ್ಯಾಸ್ ಗುಂಡಿಗೆ ಸುರಿದ ಫಿನಾಯಿಲ್

ಅರವತ್ತರ ದಶಕದ ನಡುವೆ ನಾನು ಮದುವೆಯಾಗಿ ತೀರ್ಥಹಳ್ಳಿಗೆ ಬಂದಾಗ ನಮ್ಮ ಬೀದಿಯಲ್ಲಿ ಗ್ಯಾಸ್ ಸ್ಟೌವ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಸಿಲಿಂಡರ್ ಅಲ್ಲ, ಹಿತ್ತಿಲಿನ ಗೋಬರ್ ಗ್ಯಾಸ್. ರಿಟೈರ್ಡ್ ಹೆಡ್‌ಮಾಸ್ಟರಾಗಿದ್ದ ಮಾವ ಅದನ್ನು ಅತ್ತೆಗೋಸ್ಕರ ಕಟ್ಟಿಸಿದ್ದರು. ಅತ್ತೆಗೆ ಉಬ್ಬಸ. ಹಸಿ ಸೌದೆಯ ಹೊಗೆಯಲ್ಲಿ ಇನ್ನೊಂದು ಮಳೆಗಾಲ ಕಳೆದರೆ ಎದೆ ತಡೆಯಲಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಬಾವಿಯಂಥ ಗುಂಡಿ, ಅದರೊಳಗೆ ಸಗಣಿ ಕದಡಿದ ನೀರು, ಮೇಲೆ ಮಗುಚಿ ಹಾಕಿದ ಕಬ್ಬಿಣದ ಡ್ರಮ್ಮು. ಗ್ಯಾಸ್ ತುಂಬಿದಷ್ಟೂ ಡ್ರಮ್ಮು ಮೇಲೇಳುತ್ತಿತ್ತು. ಅತ್ತೆ ಬೆಳಿಗ್ಗೆ ಎದ್ದವರೇ ಮೊದಲು ಹೋಗಿ ಅದನ್ನು ನೋಡಿ ಬರುತ್ತಿದ್ದರು, ಎಮ್ಮೆ ಕರು ಹಾಕಿತೋ ಇಲ್ಲವೋ ಎಂದು ನೋಡುವ ಹಾಗೆ.

ಮಾವ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆ ಬೇಸಿಗೆಯಲ್ಲಿ ಹೊಸದಾಗಿ ಕಟ್ಟಿಸಿದ ಪಾಯಿಖಾನೆಯ ಪೈಪನ್ನೂ ಅದೇ ಗುಂಡಿಗೆ ಜೋಡಿಸಿದರು. "ವೇಸ್ಟ್ ಯಾಕ್ ಮಾಡೋದು? ಸೈನ್ಸಿಗೆ ಸಗಣಿನೂ ಒಂದೇ, ಅದೂ ಒಂದೇ" ಎಂದರು.

"ನಿಮ್ ಸೈನ್ಸು ದೇವ್ರಿಗೆ ನೈವೇದ್ಯ ಮಾಡುತ್ತಾ?" ಎಂದು ಅತ್ತೆ ಕೇಳಿದರು. ಆಮೇಲೆ ಮಾತಾಡಲಿಲ್ಲ. ಅತ್ತೆ ಮಾತಾಡದಿದ್ದರೆ ಮಾವ ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಿದ್ದರು.

ಕೆಲವು ದಿನಗಳಲ್ಲಿ ಡ್ರಮ್ಮು ಇಳಿಯಿತು. ಸ್ಟೌವ್ ಪುಕಪುಕ ಎಂದು ಸತ್ತಿತು. ನಾನು ಗುಂಡಿಯ ಬಾಯಿಗೆ ಬಗ್ಗಿ ನೋಡಿದರೆ ಮೂಗಿಗೆ ಹೊಡೆದದ್ದು ಸಗಣಿಯ ವಾಸನೆಯಲ್ಲ, ನಮ್ಮ ಕಾನ್ವೆಂಟಿನ ಡಾರ್ಮಿಟರಿಯ ವಾಸನೆ. ಫಿನಾಯಿಲ್!

ಅತ್ತೆ ಮುಚ್ಚಿಡಲಿಲ್ಲ. "ಹೌದು, ನಾನೇ ಹಾಕಿದ್ದು. ದಿನಾ ಸ್ನಾನ ಮಾಡ್ಕೊಂಡು ಮಡೀಲೇ ಹಾಕ್ದೆ. ಆ ಬೆಂಕಿ ಶುದ್ಧ ಆಗ್ಬೇಡ್ವಾ? ಫಿನಾಯಿಲ್ ಹಾಕಿದ್ರೆ ಕ್ರಿಮಿ ಎಲ್ಲ ಸಾಯ್ತವೆ ಅಂತ ನೀನೇ ಹೇಳ್ತಿದ್ಯಲ್ಲ ಮಾರಾಯ್ತಿ."

"ಗ್ಯಾಸ್ ಮಾಡೋದೇ ಆ ಕ್ರಿಮಿಗಳು ಅತ್ತೆ."

"ಎಂತದು? ನಾವು ಉಣ್ಣೋದು ಕ್ರಿಮಿ ಮಾಡಿದ ಬೆಂಕಿದಾ?"

ಗೋಬರ್ ಗ್ಯಾಸ್ ಕಟ್ಟಿಕೊಟ್ಟಿದ್ದ ಆಫೀಸಿನಿಂದ ಬಂದ ಸೂಪರ್‌ವೈಸರ್ ಗುಂಡಿ ಪೂರ್ತಿ ಖಾಲಿ ಮಾಡಬೇಕು, ಅದೂ ಮಳೆ ಕಳೆದ ಮೇಲೆ ಎಂದ. ಅಂದರೆ ಮಳೆಗಾಲವಿಡೀ ಸೌದೆ. ಮಾವ ಸಿಟ್ಟಿನಲ್ಲಿ, "ಮುಚ್ಚಿಸಿಬಿಡ್ತೀನಿ, ನಿನ್ ಮಡಿ ನಿನ್ ಹೊಗೆ ನಿಂಗೇ ಇರ್ಲಿ" ಎಂದು ಹೊರಗೆ ಹೋದರು. ಅತ್ತೆ ಹಳೆಯ ಒಲೆ ಹೊತ್ತಿಸಿ ಕೂತರು. ಮಧ್ಯಾಹ್ನದ ಹೊತ್ತಿಗೆ ಅವರ ಉಸಿರಿನ ಶಬ್ದ ಜಗಲಿಗೆ ಕೇಳುತ್ತಿತ್ತು.

ಸಾಗರದಲ್ಲಿ ನನ್ನ ತವರಿನ ಪಕ್ಕದ ಮನೆಯವರಿಗೂ ಇಂಥದೇ ಗುಂಡಿ ಇತ್ತು. ಅಲ್ಲಿಂದ ಒಂದಿಷ್ಟು ಬಗ್ಗಡ ತಂದು ಇಲ್ಲಿಗೆ ಹಾಕಿದರೆ ಹೇಗೆ ಎಂದು ನಾನು ಕೇಳಿದೆ. ಅತ್ತೆಗೆ ಸೈನ್ಸ್ ಬೇಕಾಗಲಿಲ್ಲ. "ಮನೇಲಿ ಹೆಪ್ಪು ಕೆಟ್ರೆ ಪಕ್ಕದ ಮನೇಯಿಂದ ತರೋದಿಲ್ವಾ, ಹಂಗೇ. ನಡಿ, ನಾನೂ ಬರ್ತೀನಿ."

ಮಾರನೇ ದಿನ ಹೋದೆವು. ವಾಪಸು ಬರುವಾಗ ದೊಡ್ಡ ಹಾಲಿನ ಕ್ಯಾನನ್ನು ಅತ್ತೆ ನನ್ನ ಕೈಗೂ ಕೊಡಲಿಲ್ಲ, ಬಸ್ಸಿನ ಮೇಲಕ್ಕೂ ಹಾಕಲು ಬಿಡಲಿಲ್ಲ. ಕಾಲುಗಳ ನಡುವೆ ಹಿಡಿದು ಕೂತರು.

"ಎಂತದಮ್ಮ, ತುಪ್ಪವಾ?" ಕಂಡಕ್ಟರ್ ಕೇಳಿದ.

"ಹೆಪ್ಪು."

"ಇಷ್ಟು ಹೆಪ್ಪಾ? ಯಾರ ಮನೇಲಿ ಮದುವೆ?"

ಹೊಸನಗರ ದಾಟಿ ತಿರುವುಗಳು ಶುರುವಾದವು. ಬಿಸಿಲಿಗೆ ಕ್ಯಾನಿನ ಮುಚ್ಚಳ ಟಪ್ ಎಂದು ಹಾರಿತು. ಇಡೀ ಬಸ್ಸು ಸೆರಗು, ಟವೆಲ್ಲುಗಳಿಂದ ಮೂಗು ಮುಚ್ಚಿಕೊಂಡಿತು. ಕಂಡಕ್ಟರ್ ಹಿಂದಿನ ಬಾಗಿಲಿನಿಂದಲೇ ಕೂಗಿದ: "ಅಮ್ಮಾ, ನಿಮ್ ಹೆಪ್ಪು ವಿಪರೀತ ಹುಳಿ ಬಂದದೆ, ಮೊಸರು ನಮಗೆ ಬ್ಯಾಡ!" ಬೇರೆ ದಿನವಾಗಿದ್ದರೆ ಅತ್ತೆ ನಾಚಿಕೆಯಿಂದ ಕುಗ್ಗುತ್ತಿದ್ದರು. ಆ ದಿನ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಏದುಸಿರು ಬಿಡುತ್ತಲೇ, "ಚೆಲ್ಲಿಲ್ಲ ಅಲ್ವಾ, ನೋಡೇ" ಎಂದು ನನ್ನನ್ನು ಕೇಳಿದರು.

ಬಗ್ಗಡ ಸುರಿದೆವು. ದಿನಕ್ಕೊಂದು ತಂಬಿಗೆ ಸಗಣಿ ನೀರು, ಹೆಚ್ಚಿಲ್ಲ. ಡ್ರಮ್ಮು ಏಳಲಿಲ್ಲ. ಮಳೆ ಹಿಡಿಯಿತು. ನನ್ನ ಎಕ್ಸ್‌ಪೆರಿಮೆಂಟ್ ಫೇಲ್ ಎಂದು ನಾನೇ ಕೈಬಿಟ್ಟಿದ್ದೆ. ಅತ್ತೆ ಮಾತ್ರ ಕೆಮ್ಮುತ್ತ, ಮಳೆಗೆ ಗೊರಬು ಹೊದ್ದು, ದಿನಾ ಹೋಗಿ ಗುಂಡಿಯ ಬಾಯನ್ನು ಮೂಸಿ ಬರುತ್ತಿದ್ದರು. ಒಂದು ಬೆಳಿಗ್ಗೆ ಅಲ್ಲಿಂದಲೇ ಕೂಗಿದರು: "ಏ ಹುಡುಗಿ, ಬಾ ಇಲ್ಲಿ. ಫಿನಾಯಿಲ್ ವಾಸನೆ ಇಲ್ಲ ಕಣೇ!"

ನಿಜವಾಗಿಯೂ ಇರಲಿಲ್ಲ. ಯಾರೂ ತೆಗೆದಿರಲಿಲ್ಲ, ತೊಳೆದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಂದು ಮ್ಯಾಗಜೀನಿನಲ್ಲಿ ಓದಿದೆ: ಇಂಥ ಗುಂಡಿಗಳಲ್ಲಿನ ಬ್ಯಾಕ್ಟೀರಿಯಾಗಳಿಗೆ ಫಿನಾಯಿಲ್‌ನಂಥ ವಿಷವನ್ನು ಸಾಯುವಷ್ಟು ಹಾಕದೆ ಟೈಮ್ ಕೊಟ್ಟರೆ, ಅವುಗಳಲ್ಲಿ ಕೆಲವು ಆ ವಿಷಕ್ಕೇ ಒಗ್ಗಿಕೊಂಡು, ಅದನ್ನೇ ಒಡೆದು ಆಹಾರ ಮಾಡಿಕೊಳ್ಳುತ್ತವಂತೆ. ಕಾರ್ಖಾನೆಗಳ ಕೊಳೆನೀರನ್ನೂ ಈಗ ಹಾಗೆಯೇ ಶುದ್ಧ ಮಾಡುತ್ತಾರಂತೆ. ಓದಿ ಹೇಳೋಣವೆಂದರೆ ಅಷ್ಟು ಹೊತ್ತಿಗೆ ಅತ್ತೆ ಇರಲಿಲ್ಲ.

ಫಿನಾಯಿಲ್ ವಾಸನೆ ಹೋದ ವಾರವೇ ಡ್ರಮ್ಮು ಎದ್ದಿತು. ಸ್ಟೌವಿನಲ್ಲಿ ನೀಲಿ ಉರಿ ಬಂತು. ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೆಡ್‌ಮಾಸ್ಟರ್ ಗತ್ತು ಬಿಟ್ಟು, "ಪಾಯಿಖಾನೆ ಪೈಪು ತೆಗೆಸ್ತೀನಿ. ನೀನು ಚೆನ್ನಾಗಿ ಉಸಿರಾಡಿದ್ರೆ ಸಾಕು" ಎಂದರು.

ಅತ್ತೆ ಹಾಲಿನ ಪಾತ್ರೆಯನ್ನು ಉರಿಯ ಮೇಲೆ ಇಟ್ಟರು. "ಬ್ಯಾಡ, ಇರ್ಲಿ ಬಿಡಿ. ಆ ಕ್ರಿಮಿಗಳು ಫಿನಾಯಿಲ್‌ನೇ ತಿಂದು ಅರಗಿಸಿಕೊಂಡಾವೆ. ಅವಕ್ಕೆ ನಮ್ ಮೈಲಿಗೆ ಯಾವ ಲೆಕ್ಕ?"